ಹೊಸ ಗಾಡಿಯವರಿಗೆ ‘ಎಳೀರಿ’ ಅನ್ನಬೇಡಿ

ಸಂಪಾದಕರೇ, ನಮಸ್ಕಾರ.

ದುಬಾರಿ ಸ್ಪೋರ್ಟ್ಸ್ ಕಾರುಗಳನ್ನು ಮೈಸೂರು–ಬೆಂಗಳೂರು ಹೆದ್ದಾರಿಗೆ ಬಿಡಲೇಬಾರದು ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ರಾತ್ರಿ ಹೊತ್ತು ರಿಂಗ್ ರೋಡಿನಲ್ಲಿ ಕಿವಿ ಕಿತ್ತುಹೋಗುವ ಹಾಗೆ ಸದ್ದು ಮಾಡಿಕೊಂಡು ಹೋಗುವವರನ್ನು ನಾನೂ ನೋಡಿದ್ದೇನೆ. ಆದರೆ ಅಂಥ ಕಾರೊಂದು ಈಗ ನಮ್ಮ ಮನೆಯಲ್ಲೂ ಇದೆ. ಬಿಎಂಡಬ್ಲ್ಯು ಎಂ2, ಕೈಯಲ್ಲೇ ಗೇರ್ ಹಾಕಬೇಕಾದ ಮಾಡೆಲ್. ಓಡಿಸುವವಳು ನಾನೇ. ಪೆಟ್ರೋಲ್ ಬಂಕಿನಲ್ಲಿ ‘ಮಗನ ಗಾಡಿನಾ ಮೇಡಂ?’ ಎಂದು ಕೇಳುವವರಿಗೆ ಅಲ್ಲ, ನಂದೇ ಅಂತ ಹೇಳಿ ಹೇಳಿ ಅಭ್ಯಾಸವಾಗಿದೆ. ಇಂಥ ಗಾಡಿಯ ಮೊದಲ ಎರಡು ಸಾವಿರ ಕಿ.ಮೀ. ಹೇಗಿರುತ್ತದೆ, ಆಗ ಅದನ್ನು ಹೇಗೆ ಓಡಿಸಬೇಕು, ಸುತ್ತಮುತ್ತಲಿನವರು ಏನು ಮಾಡಬಾರದು ಎಂಬುದನ್ನು ಯಾರೂ ಬರೆಯುವುದಿಲ್ಲ. ಅದಕ್ಕೇ ಈ ಪತ್ರ.

ನಮ್ಮ ತಂದೆ ಯಾದವಗಿರಿಯ ಐಡಿಯಲ್ ಜಾವಾ ಬೈಕ್ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಆದರೆ ಜಾವಾ, ಯೆಜ್ಡಿ ಅಂದರೆ ಮೈಸೂರಿನ ಹಳಬರ ಮುಖ ಈಗಲೂ ಅರಳುತ್ತದೆ, ಅಲ್ವಾ? ಬೀದಿಯಲ್ಲಿ ಯಾರೇ ಹೊಸ ಬೈಕ್ ತಂದರೂ ಅಪ್ಪ ಹೇಳುತ್ತಿದ್ದದ್ದು ಒಂದೇ ಮಾತು: ‘ಇಂಜಿನ್ ಫ್ರೀ ಆಗೋವರೆಗೂ ಎಳೀಬೇಡಪ್ಪ.’ ಆಗಿನ ಗಾಡಿಗೆ ಅದು ಸರಿ, ಈಗೆಲ್ಲ ಕಂಪ್ಯೂಟರ್ ಗಾಡಿ, ರನ್ನಿಂಗ್ ಇನ್ (ಹೊಸ ಇಂಜಿನ್ನನ್ನು ಮೊದಮೊದಲು ಹದವಾಗಿ ಓಡಿಸಿ ಪಳಗಿಸುವುದು) ಅಂತೆಲ್ಲ ಏನೂ ಬೇಕಾಗಿಲ್ಲ ಎಂದು ಈಗ ತುಂಬ ಜನ ಹೇಳುತ್ತಾರೆ. ಇದು ತಪ್ಪು ತಿಳಿವಳಿಕೆ.

ಹೊಸ ಇಂಜಿನ್ನಿನ ಸಿಲಿಂಡರ್ ಗೋಡೆ ಪೂರ್ತಿ ನುಣುಪಾಗಿ ಇರುವುದಿಲ್ಲ. ಎಣ್ಣೆ ನಿಲ್ಲಲಿ ಎಂದು ಅದರ ಮೇಲೆ ಬೇಕೆಂದೇ ಸಣ್ಣ ಸಣ್ಣ ಅಡ್ಡಗೀರುಗಳನ್ನು ಹಾಕಿರುತ್ತಾರೆ. ಪಿಸ್ಟನ್ ರಿಂಗುಗಳು ಆ ಗೋಡೆಗೆ ಉಜ್ಜಿಕೊಂಡು, ಸಂದಿಲ್ಲದ ಹಾಗೆ ಸರಿಯಾಗಿ ಕೂರಬೇಕು. ಗೇರಿನ ಹಲ್ಲುಗಳು, ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚುವ ಡಿಫರೆನ್ಷಿಯಲ್ಲಿನ ಹಲ್ಲುಗಳು ಕೂಡ ಒಂದಕ್ಕೊಂದು ಹೊಂದಿಕೊಳ್ಳಬೇಕು. ಹೀಗೆ ಉಜ್ಜುವಾಗ ಕಣ್ಣಿಗೆ ಕಾಣದಷ್ಟು ಸಣ್ಣ ಲೋಹದ ಪುಡಿ ಎಣ್ಣೆಗೆ ಸೇರುತ್ತದೆ. ಹಾಗಾಗಿಯೇ ಎಂ2ನಂಥ ಬಿಎಂಡಬ್ಲ್ಯು ‘ಎಂ’ ಸಾಲಿನ ಕಾರುಗಳಿಗೆ 2,000 ಕಿ.ಮೀ. ಆದಾಗ ಒಂದು ಸರ್ವೀಸ್ ಇದೆ. ಅದರಲ್ಲಿ ಇಂಜಿನ್ ಆಯಿಲ್ ಜೊತೆಗೆ ಡಿಫರೆನ್ಷಿಯಲ್ ಆಯಿಲ್ ಕೂಡ ಬದಲಿಸುತ್ತಾರೆ. ಅಲ್ಲಿಯವರೆಗೆ ಇಂಜಿನ್ 5,500 ಆರ್‌ಪಿಎಂ (ನಿಮಿಷಕ್ಕೆ ತಿರುಗುವ ಸುತ್ತು) ದಾಟಬಾರದು, ಆಕ್ಸಿಲರೇಟರನ್ನು ಪೂರ್ತಿ ಒತ್ತಬಾರದು, ಒಂದೇ ವೇಗದಲ್ಲಿ ಓಡಿಸುತ್ತಾ ಹೋಗದೆ ವೇಗವನ್ನು ಹೆಚ್ಚು ಕಡಿಮೆ ಮಾಡುತ್ತಿರಬೇಕು. ಗಂಟೆಗೆ 170 ಕಿ.ಮೀ. ದಾಟಬೇಡಿ ಎಂದೂ ಗಾಡಿಯ ಜೊತೆ ಕೊಡುವ ಪುಸ್ತಕದಲ್ಲಿದೆ. ಆ ಮಾತು ನಮ್ಮ ರಸ್ತೆಗಲ್ಲ. ನಮ್ಮ ಹೆದ್ದಾರಿಯಲ್ಲಿ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, 130 ದಾಟಿದರೆ ಎಫ್‌ಐಆರ್ ಎಂದು ಪೊಲೀಸರು 2024ರ ಆಗಸ್ಟ್ 1ರಿಂದ ನಿಯಮ ತಂದಿದ್ದಾರೆ. ಆ ನಿಯಮವನ್ನು ನಾನು ಮನಸಾರೆ ಒಪ್ಪುತ್ತೇನೆ.

ಇಂಜಿನ್ ವಿಷಯ ಹೇಗೂ ದುಡ್ಡಿನದು. ಕೆಟ್ಟರೆ ಗಾಡಿಯವರಿಗೆ ನಷ್ಟ, ಬೇರೆಯವರಿಗಲ್ಲ. ಜೀವದ ವಿಷಯ ಬೇರೆ ಇದೆ, ಅದನ್ನು ದಯವಿಟ್ಟು ಗಮನವಿಟ್ಟು ಓದಿ. ಅಚ್ಚಿನಿಂದ ಹೊರಬಂದ ಹೊಸ ಟೈರಿನ ಮೇಲ್ಮೈ ನುಣುಪಾಗಿರುತ್ತದೆ, ರಸ್ತೆಗೆ ಪೂರ್ತಿ ಹಿಡಿತ ಬರಲು ಸುಮಾರು 300 ಕಿ.ಮೀ. ಬೇಕು. ಬ್ರೇಕ್ ಪ್ಯಾಡು, ಡಿಸ್ಕು ಎರಡೂ ಸಮವಾಗಿ ಕೂರಲು ಸುಮಾರು 500 ಕಿ.ಮೀ. ಬೇಕು. ಕ್ಲಚ್ಚಿಗೂ ಅಷ್ಟೇ. ಅಂದರೆ ಶೋರೂಮಿನಿಂದ ಗಾಡಿ ಹೊರಗೆ ಬಂದ ಆ ದಿನವೇ ಅದರ ಟೈರು, ಬ್ರೇಕು ಎರಡೂ ತಮ್ಮ ಪೂರ್ತಿ ಕೆಲಸ ಮಾಡಲು ತಯಾರಿರುವುದಿಲ್ಲ. ಓಡಿಸುವವರೂ ತಯಾರಿರುವುದಿಲ್ಲ. ನಾಲ್ಕುನೂರೈವತ್ತಕ್ಕೂ ಜಾಸ್ತಿ ಕುದುರೆಶಕ್ತಿಯ ಇಂಜಿನ್, ಆ ಶಕ್ತಿ ಎಲ್ಲ ಹೋಗುವುದು ಹಿಂದಿನ ಎರಡು ಚಕ್ರಕ್ಕೆ. ಮೊನ್ನೆ ಮೊನ್ನೆವರೆಗೆ ಸಾಧಾರಣ ಕಾರು ಓಡಿಸಿದ ಕಾಲಿಗೆ ಆ ಪೆಡಲನ್ನು ಎಷ್ಟು ಒತ್ತಿದರೆ ಎಷ್ಟು ನುಗ್ಗುತ್ತದೆ ಅನ್ನುವ ಅಂದಾಜು ಹೇಗೆ ಬರಬೇಕು? ಮಳೆ ಬಿದ್ದು ರಸ್ತೆ ಒದ್ದೆಯಾಗಿದ್ದರಂತೂ ಹೇಳುವುದೇ ಬೇಡ.

ಆದರೆ ನಮ್ಮಲ್ಲಿ ಏನಾಗುತ್ತದೆ? ಆ ದಿನವೇ ಗೆಳೆಯರೆಲ್ಲ ಸೇರುತ್ತಾರೆ. ಒಬ್ಬ ಪಕ್ಕದಲ್ಲಿ ಕೂತು ಮೊಬೈಲ್ ಹಿಡಿಯುತ್ತಾನೆ. ‘ಎಳಿ ಗುರು ಒಂದ್ಸಲ’ ಅನ್ನುತ್ತಾನೆ. ನನಗೇ ಸಿಗ್ನಲ್‌ನಲ್ಲಿ ಪಕ್ಕ ನಿಂತ ಬೈಕಿನ ಹುಡುಗರು ‘ಆಂಟಿ, ಒಂದು ರೇಸ್ ಕೊಡಿ ಆಂಟಿ’ ಎಂದು ಕೂಗುತ್ತಾರೆ. ಹುಣಸೂರು ರಸ್ತೆಯಲ್ಲಿ ಬೇಕೆಂದೇ ಮುಂದೆ ಹೋಗಿ, ನಿಧಾನ ಮಾಡಿ, ನಾನು ಪಕ್ಕಕ್ಕೆ ಬಂದ ಕೂಡಲೇ ಮತ್ತೆ ನುಗ್ಗುವವರಿದ್ದಾರೆ. ನಾನು ಐವತ್ತು ದಾಟಿದವಳು, ಕಿವಿಗೆ ಹಾಕಿಕೊಳ್ಳುವುದಿಲ್ಲ. ಇಪ್ಪತ್ತೆರಡು ವರ್ಷದ ಹುಡುಗ ಸುಮ್ನೆ ಇರುತ್ತಾನಾ? ಗೆಳೆಯರ ಮುಂದೆ, ಹೊಸ ಗಾಡಿಯಲ್ಲಿ, ಕ್ಯಾಮೆರಾ ಮುಂದೆ? ಅವನ ಅಪ್ಪ ಅಮ್ಮ ಇದನ್ನು ಯೋಚಿಸಬೇಕು. ‘ಎಳಿ’ ಅಂದವರೂ ಯೋಚಿಸಬೇಕು, ಏಕೆಂದರೆ ಆಮೇಲೆ ಆಗುವುದರಲ್ಲಿ ಅವರ ಪಾಲೂ ಇದೆ.

2024ರ ಮೇ 19ರಂದು ಪುಣೆಯ ಕಲ್ಯಾಣಿ ನಗರದಲ್ಲಿ ಪೋರ್ಷೆ ಕಾರು ಡಿಕ್ಕಿ ಹೊಡೆದು ಬೈಕಿನಲ್ಲಿದ್ದ ಇಬ್ಬರು ಯುವ ಐಟಿ ಉದ್ಯೋಗಿಗಳು ಸತ್ತದ್ದು ಎಲ್ಲರಿಗೂ ನೆನಪಿದೆ. ಓಡಿಸುತ್ತಿದ್ದವನು ಹದಿನೇಳರ ಹುಡುಗ, ಕುಡಿದಿದ್ದ ಎಂದು ಪೊಲೀಸರು ಹೇಳಿದರು. ಅದು ಕೋರ್ಟ್ ತೀರ್ಮಾನಿಸಬೇಕಾದ ವಿಷಯ. ನನ್ನ ಮನಸ್ಸಿನಲ್ಲಿ ಉಳಿದದ್ದು ಇನ್ನೊಂದು ಸಂಗತಿ. ಆ ಗಾಡಿಗೆ ಇನ್ನೂ ಕಾಯಂ ನೋಂದಣಿಯೂ ಆಗಿರಲಿಲ್ಲ. ಅದು ಎಲೆಕ್ಟ್ರಿಕ್ ಕಾರು, ಅದರಲ್ಲಿ ಫ್ರೀ ಆಗಬೇಕಾದ ಇಂಜಿನ್ನೇ ಇಲ್ಲ. ಹಾಗೆಂದು ಮೊದಲ ದಿನದಿಂದಲೇ ಜೋರಾಗಿ ಓಡಿಸಬಹುದು ಅಂದುಕೊಂಡರೆ ಆಗುವುದಿಲ್ಲ, ಟೈರು ಬ್ರೇಕಿನ ಲೆಕ್ಕ ಅದಕ್ಕೂ ಒಂದೇ. ಕೈಯಂತೂ ಹೊಸದೇ.

ನಿಧಾನ ಅಂದರೆ ಏನು ಎಂಬುದನ್ನೂ ಸ್ವಲ್ಪ ಬಿಡಿಸಿ ಹೇಳಬೇಕು. ಐದನೇ ಆರನೇ ಗೇರಿಗೆ ಹಾಕಿ ಇಂಜಿನ್ ಗುಡುಗುಡು ಅನ್ನುವ ಹಾಗೆ ನಲವತ್ತರಲ್ಲಿ ಎಳೆಸುವುದು ನಿಧಾನ ಅಲ್ಲ. ಅದರಿಂದ ಇಂಜಿನ್ನಿಗೆ ಭಾರ ಜಾಸ್ತಿ. ಮೈಸೂರಿನವರು ಹೊಸ ಗಾಡಿ ತಂದರೆ ಮೊದಲು ಚಾಮುಂಡಿ ಬೆಟ್ಟಕ್ಕೇ ಪೂಜೆಗೆ ಹೋಗುವುದು, ನಾವೂ ಹೋದೆವು, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ತಾಯಿಗೆ ಕೈಮುಗಿದು ಬಂದೆವು. ಹತ್ತುವಾಗ ಎರಡು, ಮೂರನೇ ಗೇರಿನಲ್ಲಿ ಇಂಜಿನ್ನಿಗೆ ಹಿತವಾಗುವ ಹಾಗೆ ಹತ್ತಿ. ಇಳಿಯುವಾಗಲೂ ಗೇರಿನಲ್ಲೇ ಇಳಿಯಿರಿ, ಹೊಸ ಬ್ರೇಕನ್ನು ಉದ್ದಕ್ಕೂ ತುಳಿದುಕೊಂಡೇ ಬರಬೇಡಿ. ಬೆಳಗಿನ ಚಳಿಯಲ್ಲಿ ಸ್ಟಾರ್ಟ್ ಮಾಡಿದ ಕೂಡಲೇ ಬೆಟ್ಟಕ್ಕೆ ತಿರುಗಿಸುವುದೂ ಬೇಡ. ಇಂಜಿನ್ ನೀರು ಬೇಗ ಬಿಸಿಯಾಗುತ್ತದೆ, ಎಣ್ಣೆ ಬಿಸಿಯಾಗಲು ಇನ್ನೂ ಸಮಯ ಬೇಕು. ನಮ್ಮ ಗಾಡಿಯ ಮೀಟರಿನಲ್ಲಿ ಇದಕ್ಕೊಂದು ಒಳ್ಳೆಯ ವ್ಯವಸ್ಥೆ ಇದೆ. ಎಣ್ಣೆ ತಣ್ಣಗಿದ್ದಾಗ ಆರ್‌ಪಿಎಂ ಎಚ್ಚರಿಕೆಯ ಗಡಿ ಕೆಳಗಿರುತ್ತದೆ, ಎಣ್ಣೆ ಬಿಸಿಯಾದ ಹಾಗೆ ಮೇಲಕ್ಕೆ ಸರಿಯುತ್ತದೆ. ಎಲ್ಲ ಕಾರಿಗೂ ಇದನ್ನು ಕೊಟ್ಟಿದ್ದರೆ ಎಷ್ಟು ಚೆನ್ನಾಗಿತ್ತು.

ಹೊಸ ಸ್ಪೋರ್ಟ್ಸ್ ಕಾರು ತಂದವರೆಲ್ಲ ಮೈಸೂರು–ಬೆಂಗಳೂರು ಎಕ್ಸ್‌ಪ್ರೆಸ್ ಹೆದ್ದಾರಿಗೆ ಓಡುತ್ತಾರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದಾಗಿನಿಂದ ಅದೇ ಎಲ್ಲರ ಕಣ್ಣಿಗೆ ರೇಸ್ ಟ್ರ್ಯಾಕ್. ಅದು ಟ್ರ್ಯಾಕ್ ಅಲ್ಲ ಎಂಬುದು ಒಂದು ಮಾತು. ಹೊಸ ಇಂಜಿನ್ ಫ್ರೀ ಆಗಲು ಅದು ಒಳ್ಳೆಯ ರಸ್ತೆಯೂ ಅಲ್ಲ, ಏಕೆಂದರೆ ಅಲ್ಲಿ ಒಂದೇ ಗೇರು, ಒಂದೇ ವೇಗ. ಇದಕ್ಕಿಂತ ಶ್ರೀರಂಗಪಟ್ಟಣ, ಪಾಂಡವಪುರದ ಮೇಲೆ ಮೇಲುಕೋಟೆಗೆ ಹೋಗಿ. ಏರು, ಇಳಿತ, ತಿರುವು, ಊರು ಎಲ್ಲ ಸಿಗುತ್ತದೆ, ಗೇರ್ ಬದಲಿಸುತ್ತಲೇ ಇರಬೇಕು, ಮೇಲೆ ಹೋದರೆ ಪುಳಿಯೋಗರೆಯೂ ಇದೆ. ಆ ರಸ್ತೆಯಲ್ಲಿ ಐವತ್ತು ಅರವತ್ತರಲ್ಲಿ ಹೋಗುವಾಗಲೇ ಈ ಕಾರು ಯಾಕೆ ಇಷ್ಟು ಬೆಲೆ ಬಾಳುತ್ತದೆ ಎಂದು ನನಗೆ ಗೊತ್ತಾಗಿದ್ದು. ಸ್ಟೇರಿಂಗ್ ಹಿಡಿದ ಕೈಗೆ ರಸ್ತೆಯ ಒಂದೊಂದು ಕಲ್ಲೂ ಗೊತ್ತಾಗುತ್ತದೆ. ತಿರುವಿನಲ್ಲಿ ಗಾಡಿ ಒಂದಿಷ್ಟೂ ವಾಲುವುದಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಇಳಿಸುವಾಗ ಲಿವರ್ ಕೂರುವ ರೀತಿಯೇ ಒಂದು ಸುಖ. ಈ ಸುಖಕ್ಕೆ ಇನ್ನೂರು ಕಿ.ಮೀ. ವೇಗ ಬೇಕಾಗಿಲ್ಲ.

ಇನ್ನು ನಮ್ಮ ಹಳ್ಳಿ ರಸ್ತೆಗಳ ಹಂಪ್. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಪ್ರಕಾರ ಹಂಪ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು, ಮೇಲೆ ಪಟ್ಟೆ ಬಳಿದಿರಬೇಕು, ಮೊದಲೇ ಸೂಚನಾ ಫಲಕ ಇರಬೇಕು. ನಮ್ಮಲ್ಲಿ ಹಲವು ಕಡೆ ಇರುವುದು ಒಂದು ಅಡಿ ಅಗಲದ ಡಾಂಬರು ದಿಬ್ಬ, ಬಣ್ಣ ಇಲ್ಲ, ಬೋರ್ಡ್ ಇಲ್ಲ. ಊರಿನ ಮಕ್ಕಳಿಗೆ ಏನಾದರೂ ಆಗಬಾರದು ಎಂದು ಜನ ಹಾಕಿಸಿಕೊಂಡಿರುತ್ತಾರೆ, ಅದನ್ನು ತೆಗೆಯಿರಿ ಎಂದು ನಾನು ಹೇಳುತ್ತಿಲ್ಲ. ಬಣ್ಣ ಬಳಿಯಿರಿ ಅಂತ ಕೇಳುತ್ತಿದ್ದೇನೆ. ನನ್ನ ಗಾಡಿಯನ್ನು ಓರೆ ಮಾಡಿ, ಒಂದೊಂದೇ ಚಕ್ರ ಹತ್ತಿಸಿ ಹೇಗೋ ದಾಟಿಸುತ್ತೇನೆ. ರಾತ್ರಿ ಮಂಡ್ಯದ ಕಡೆಯಿಂದ ಹೆಂಡತಿ ಮಗುವನ್ನು ಕೂರಿಸಿಕೊಂಡು ಬೈಕಿನಲ್ಲಿ ಬರುವವನಿಗೆ ಅಲ್ಲಿ ದಿಬ್ಬ ಇದೆ ಎಂದು ಗೊತ್ತಾಗುವುದು ಎಗರಿ ಬಿದ್ದಾಗಲೇ. 20 ಲಕ್ಷಕ್ಕಿಂತ ಜಾಸ್ತಿ ಬೆಲೆಯ ಕಾರಿಗೆ ನಮ್ಮ ರಾಜ್ಯದಲ್ಲಿ ಶೇ 18ರಷ್ಟು ತೆರಿಗೆ ಕಟ್ಟಬೇಕು. ಸಂತೋಷವಾಗಿ ಕಟ್ಟಿದ್ದೇನೆ. ಅದರಲ್ಲಿ ಒಂದಿಷ್ಟು ಬಿಳಿ ಬಣ್ಣಕ್ಕೆ ಹೋಗಲಿ.

ರೈತರಲ್ಲೂ ಒಂದು ವಿನಂತಿ. ಸುಗ್ಗಿಯಲ್ಲಿ ಹುರುಳಿ, ರಾಗಿಯನ್ನು ಟಾರು ರಸ್ತೆಗೆ ಹರಡುತ್ತೀರಿ. ಕಣ ಮಾಡಲು ಜಾಗ ಇಲ್ಲ ಎಂಬ ನಿಮ್ಮ ಕಷ್ಟ ನಿಜ. ಆದರೆ ಹುರುಳಿ ಸೊಪ್ಪು ಕಾರಿನ ಅಡಿಗೆ ಸುತ್ತಿಕೊಂಡು, ಸೈಲೆನ್ಸರ್ ಶಾಖಕ್ಕೆ ಬೆಂಕಿ ಹತ್ತಿ ಕಾರುಗಳು ಸುಟ್ಟುಹೋದ ಸುದ್ದಿ ಆಗಾಗ ಓದುತ್ತೇವೆ. ನೆಲಕ್ಕೆ ಹತ್ತಿರ ಇರುವ ಕಾರಿಗೆ ಈ ಅಪಾಯ ಇನ್ನೂ ಜಾಸ್ತಿ. ಕೊನೇಪಕ್ಷ ಅರ್ಧ ರಸ್ತೆ ಬಿಡಿ. ಪಂಚಾಯಿತಿಗಳು ಊರಿಗೊಂದು ಸಿಮೆಂಟ್ ಕಣ ಮಾಡಿಕೊಟ್ಟರೆ ರಸ್ತೆಗೆ ಬರುವ ಅಗತ್ಯವೇ ಇರುವುದಿಲ್ಲ.

ಕಾರು ಮಾರುವವರಿಗೂ ಒಂದು ಮಾತು. ಗಾಡಿ ಕೊಡುವ ದಿನ ಹಾರ, ಕೇಕು, ಫೋಟೊ ಎಂದು ಅರ್ಧ ಗಂಟೆ ತೆಗೆದುಕೊಳ್ಳುತ್ತೀರಿ. ಸ್ಕ್ರೀನಿಗೆ ಫೋನ್ ಜೋಡಿಸುವುದು ಹೇಗೆ ಎಂದು ಇನ್ನೊಂದು ಗಂಟೆ ಹೇಳಿಕೊಡುತ್ತೀರಿ. ಟೈರಿಗೆ 300, ಬ್ರೇಕಿಗೆ 500, ಇಂಜಿನ್ನಿಗೆ 2,000 ಎಂಬ ಈ ಮೂರು ಲೆಕ್ಕವನ್ನು ಬಾಯಿಬಿಟ್ಟು ಹೇಳಿ. ಹಣ ಕಟ್ಟಿದ ಅಪ್ಪನಿಗೆ ಮಾತ್ರ ಹೇಳಿದರೆ ಸಾಲದು, ಕೀ ಹಿಡಿದು ಬಾಗಿಲಲ್ಲಿ ಕಾಯುತ್ತಾ ನಿಂತಿರುವ ಮಗನನ್ನೂ ಒಳಗೆ ಕರೆದು ಕೂರಿಸಿ ಹೇಳಿ.

– ಓದುಗಿ, ಕುವೆಂಪುನಗರ, ಮೈಸೂರು