ಅಜ್ಜನ ಜಾವಾ ಮಾರುವ ಮುಂಚೆ

ಪ್ರಾಗ್

ಪ್ರೀತಿಯ ಅಪ್ಪಯ್ಯ, ಆಯಿಗೆ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಲ್ಲಿ ಅಡಿಕೆಗೆ ಎರಡನೇ ಸಲದ ಕೊಳೆಮದ್ದು ಹೊಡೆದಾಯಿತೇ? ಮಳೆ ಬಿಡುವು ಕೊಟ್ಟಿತೇ? ಆಯಿಯ ಮಂಡಿನೋವು ಹೇಗಿದೆ?

ಮೊನ್ನೆ ಫೋನಿನಲ್ಲಿ ತಮ್ಮ ಒಂದು ವಿಷಯ ಹೇಳಿದ. ಹುಬ್ಬಳ್ಳಿ ಕಡೆಯವರು ಯಾರೋ ಶಿರಸಿಗೆ ಬಂದವರು ನಮ್ಮ ಮನೆಗೂ ಬಂದಿದ್ದರಂತೆ. ಕೊಟ್ಟಿಗೆ ಪಕ್ಕದ ಮಾಡಿನಲ್ಲಿದ್ದ ಅಜ್ಜನ ಜಾವಾ ಬೈಕ್ ನೋಡಿ 25 ಸಾವಿರಕ್ಕೆ ಕೇಳಿದರಂತೆ. ಹೇಗೂ ತುಕ್ಕು ತಿನ್ನುತ್ತಿದೆ, ಜಾಗವಾದರೂ ಖಾಲಿಯಾಗಲಿ ಎಂದು ನೀವೂ ಹೂಂ ಅನ್ನುವ ಹಾಗಿದ್ದೀರಂತೆ. ಅದಕ್ಕೇ ಈ ಪತ್ರ ಬರೆಯಲು ಕೂತೆ. ಫೋನಿನಲ್ಲಾದರೆ ಹೇಳಬೇಕಾದ್ದು ಅರ್ಧ ಉಳಿದುಹೋಗುತ್ತದೆ.

ಮಾರಲೇಬೇಡಿ ಎಂದು ನಾನು ಹೇಳುವುದಿಲ್ಲ. ಅದನ್ನು ನೋಡಿಕೊಳ್ಳುತ್ತಿರುವವರು ನೀವು, ನಿರ್ಧಾರವೂ ನಿಮ್ಮದೇ. ಆದರೆ ಗುಜರಿ ಲೆಕ್ಕದಲ್ಲಿ ಮಾತ್ರ ಕೊಡಬೇಡಿ. ಅದು ಎಂಥ ಗಾಡಿ ಅಂತ ಗೊತ್ತಿರುವವರಿಗೆ, ಕಾಗದಪತ್ರ ಸರಿ ಮಾಡಿಕೊಂಡು, ಇದ್ದ ಹಾಗೇ ಮಾರಿ.

ನಾನಿರುವುದು ಜಾವಾದ ತವರಾದ ಚೆಕ್ ದೇಶದಲ್ಲೇ ಅಲ್ವಾ. ಫ್ರಾಂಟಿಶೆಕ್ ಯಾನೆಚೆಕ್ ಎಂಬಾತ ಈ ಕಂಪನಿ ಶುರು ಮಾಡಿದ್ದು 1929ರಲ್ಲಿ, ಇದೇ ಪ್ರಾಗ್‌ನಲ್ಲಿ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬೈಕುಗಳು ತಯಾರಾಗಿದ್ದು ಇಲ್ಲಿಂದ ದಕ್ಷಿಣಕ್ಕೆ, ಸಾಜಾವಾ ನದಿ ದಂಡೆಯ ಟೀನೆತ್ಸ್ ಎಂಬ ಸಣ್ಣ ಊರಿನಲ್ಲಿ. ಅಜ್ಜನ ಗಾಡಿಯ ಮೂಲ ಇಲ್ಲಿನ 353 ಮಾದರಿ. 1950ರ ದಶಕದಲ್ಲಿ ಬಂದದ್ದು. ಅದನ್ನೇ ರುಸ್ತುಂ ಇರಾನಿ ಮತ್ತು ಫಾರೂಖ್ ಇರಾನಿಯವರು ಮೈಸೂರಿಗೆ ತಂದರು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಬೈಕ್ ತಯಾರಾದವು. ಉದ್ಘಾಟನೆ ಮಾಡಿದ್ದು ಜಯಚಾಮರಾಜ ಒಡೆಯರು. 1970ರ ದಶಕದಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ನಮ್ಮದು 1968ರದ್ದು, ಟ್ಯಾಂಕಿನ ಮೇಲೆ ಇನ್ನೂ ಜಾವಾ ಅಂತಲೇ ಹೆಸರಿದ್ದ ಕಾಲದ್ದು. ಯೆಜ್ಡಿಗಳಾದರೆ ಇನ್ನೂ ಬೇಕಾದಷ್ಟು ಸಿಗುತ್ತವೆ. ಹಳೇ ಜಾವಾ ಸಿಗುವುದು ಕಷ್ಟ. ಕೊಳ್ಳುವವರು ಹುಡುಕಿಕೊಂಡು ಬರುವುದು ಇದಕ್ಕೇ.

ಕಳೆದ ಭಾನುವಾರ ಊರಾಚೆಯ ಬಯಲಿನಲ್ಲಿ ಹಳೇ ಗಾಡಿಗಳ ಸಂತೆ ಇತ್ತು, ಹೋಗಿದ್ದೆ. ಹುಲ್ಲಿನ ಮೇಲೆ ಕಂಬಳಿ ಹಾಸಿ ಬಿಡಿಭಾಗ ಹರವಿಕೊಂಡು ಕೂತಿರುತ್ತಾರೆ. ಜಿಕೋವ್ ಕಾರ್ಬುರೇಟರ್, ಸೈಲೆನ್ಸರ್, ಹೆಡ್‌ಲೈಟಿನ ಗಾಜು, ಸೀಟಿನ ಸ್ಪ್ರಿಂಗ್, ಏನುಂಟು ಏನಿಲ್ಲ! ಅಲ್ಲಿ ವಯಸ್ಸಾದ ಒಬ್ಬರ ಹತ್ತಿರ ಎರಡು ಜಾವಾ ಅಕ್ಕಪಕ್ಕ ನಿಂತಿದ್ದವು. ಒಂದು ಹೊಸದಾಗಿ ಬಣ್ಣ ಹೊಡೆದು, ಕ್ರೋಮ್ ಮಾಡಿಸಿ ಮಿರಿಮಿರಿ ಮಿಂಚುತ್ತಿತ್ತು. ಇನ್ನೊಂದರ ಮೆರೂನ್ ಬಣ್ಣ ಮಾಸಿತ್ತು, ಟ್ಯಾಂಕಿನಲ್ಲಿ ಮೊಣಕಾಲು ತಾಗುವ ಕಡೆ ಬಣ್ಣ ಸವೆದು ಒಳಗಿನ ತಗಡು ಕಾಣುತ್ತಿತ್ತು. ಅಂಚಿನ ಗೆರೆಯೂ ಅಲ್ಲಲ್ಲಿ ಅಳಿಸಿತ್ತು. ಬೆಲೆ ಜಾಸ್ತಿ ಇದ್ದದ್ದು ಈ ಮಾಸಿದ್ದಕ್ಕೆ! ಯಾಕೆ ಅಂತ ಕೇಳಿದೆ. ಬಣ್ಣ ಯಾವಾಗ ಬೇಕಾದರೂ ಹೊಡೆಯಬಹುದು, ಆದರೆ ಕಾರ್ಖಾನೆಯ ಬಣ್ಣ ಒಂದೇ ಸಲ ಇರುವುದು ಅಂದರು ಆ ಅಜ್ಜ. ಆಮೇಲೆ ಬಗ್ಗಿ ಇಂಜಿನ್ನಿನ ನಂಬರ್, ಚಾಸಿಯ (ಗಾಡಿಯ ಚೌಕಟ್ಟಿನ) ನಂಬರ್, ಅವರ ಕೈಯಲ್ಲಿದ್ದ ಗಾಡಿಯ ಹಳೇ ನೋಂದಣಿ ಪುಸ್ತಕದ ನಂಬರ್ ಮೂರನ್ನೂ ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಮೂರೂ ತಾಳೆಯಾಗುತ್ತಿದ್ದವು. ಮೈಸೂರಿನಲ್ಲೂ ಜಾವಾ ಆಗುತ್ತಿತ್ತು, ನಮ್ಮ ಮನೆಯಲ್ಲೂ ಒಂದಿದೆ ಎಂದೆ. ಎದ್ದು ನನ್ನ ಕೈ ಕುಲುಕಿದರು.

ಆದ್ದರಿಂದ ಯಾರಾದರೂ ಮೊದಲು ಬಣ್ಣ ಹೊಡೆಸಿ, ಆಮೇಲೆ ಒಳ್ಳೇ ರೇಟಿಗೆ ಮಾರೋಣ ಎಂದರೆ ಒಪ್ಪಬೇಡಿ. ಅಜ್ಜನ ಗಾಡಿಯ ಟ್ಯಾಂಕು, ಮಡ್‌ಗಾರ್ಡು, ಎರಡು ಸೈಲೆನ್ಸರ್, ಹಳೇ ಸ್ಪೀಡೋಮೀಟರ್ ಎಲ್ಲವೂ ಮೊದಲಿನವೇ ಅಲ್ವಾ. ತುಕ್ಕನ್ನು ಸ್ಯಾಂಡ್‌ಪೇಪರ್ ಹಾಕಿ ತಿಕ್ಕಬೇಡಿ. ಧೂಳು ಒರೆಸಿ, ಎಣ್ಣೆ ಬಟ್ಟೆ ಕೈಯಾಡಿಸಿದರೆ ಸಾಕು. ಇಲ್ಲಿ 30 ವರ್ಷ ದಾಟಿದ ಗಾಡಿಯನ್ನು ಐತಿಹಾಸಿಕ ವಾಹನ ಅಂತ ನೋಂದಾಯಿಸುತ್ತಾರೆ, ಹಸಿರು ಅಕ್ಷರದ ನಂಬರ್ ಪ್ಲೇಟ್ ಕೊಡುತ್ತಾರೆ. ಅದಕ್ಕೂ ಮೊದಲು ಎಷ್ಟು ಮೂಲದ್ದು ಉಳಿದಿದೆ ಅಂತ ಪರೀಕ್ಷೆ ಮಾಡುತ್ತಾರೆ.

ನಮ್ಮಲ್ಲೂ 2021ರಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆ ನಿಯಮ ಮಾಡಿದೆ. 50 ವರ್ಷ ದಾಟಿರಬೇಕು, ಮೂಲ ರೂಪ ಹೆಚ್ಚು ಬದಲಾಗಿರಬಾರದು. ನಮ್ಮದು ಎರಡಕ್ಕೂ ಸಲ್ಲುತ್ತದೆ. ಹೊಸದಾಗಿ ನೋಂದಾಯಿಸುವವರಿಗೆ 'ವಿಎ' ಅಕ್ಷರದ ನಂಬರ್, 20 ಸಾವಿರ ರೂಪಾಯಿ ಶುಲ್ಕ, 10 ವರ್ಷದ ಅವಧಿ. ಮೊದಲೇ ನೋಂದಣಿ ಆಗಿರುವ ಗಾಡಿಗೆ ಹಳೇ ನಂಬರನ್ನೇ ಉಳಿಸಿಕೊಳ್ಳಬಹುದು. ಅಜ್ಜನ ಪ್ಲೇಟಿನ ಮೇಲಿನ ಆ ಮೈಸೂರು ರಾಜ್ಯದ ಕಾಲದ ನಂಬರ್ ಹೋಗಬಾರದು ಅಂತ ನನಗೆ ತುಂಬಾ ಆಸೆ. ಆದರೆ ವಿಂಟೇಜ್ ಅಂತ ಮಾಡಿಸಿದರೆ ದಿನಬಳಕೆಗೆ ಓಡಿಸುವಂತಿಲ್ಲ. ಪ್ರದರ್ಶನಕ್ಕೆ, ರ‍್ಯಾಲಿಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಮಾತ್ರ. ತಮ್ಮನಿಗೆ ಆಗಾಗ ಪೇಟೆಗೆ ಓಡಿಸುವ ಮನಸ್ಸಿದ್ದರೆ ಮಾಮೂಲಿ ಆರ್‌ಸಿಯನ್ನೇ (ನೋಂದಣಿ ಪತ್ರವನ್ನೇ) ನವೀಕರಿಸುವುದು ವಾಸಿ.

ಏನೇ ಮಾಡಿದರೂ ಮೊದಲು ಆಗಬೇಕಾದ್ದು ಆರ್‌ಸಿ ಕೆಲಸ. ಅದಿನ್ನೂ ಅಜ್ಜನ ಹೆಸರಿನಲ್ಲೇ ಇದೆ. ಫಾರಂ 31 ತುಂಬಿ, ಮರಣ ಪ್ರಮಾಣಪತ್ರದ ಜತೆ ಶಿರಸಿ ಆರ್‌ಟಿಒ ಕಚೇರಿಗೆ ಕೊಟ್ಟು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಮಾರುವುದಾದರೆ ಆಮೇಲೆ ಫಾರಂ 29 ಮತ್ತು 30. ಹುಬ್ಬಳ್ಳಿಯವರು ಕಾಗದ ಬೇಡ, ಗಾಡಿ ಕೊಟ್ಟರೆ ಸಾಕು ಅಂದರಂತಲ್ಲ, ಅದೇ ನನಗೆ ಹಿಡಿಸಲಿಲ್ಲ. ಕಾಗದ ಬೇಡ ಅನ್ನುವವರು ಗಾಡಿ ಬಿಚ್ಚಿ ಬಿಡಿಭಾಗ ಮಾರುವವರೇ ಇರಬೇಕು. ಓಡಿಸಬೇಕು ಅಂತ ಕೊಳ್ಳುವವರು ಮೊದಲು ಕಾಗದವನ್ನೇ ಕೇಳುತ್ತಾರೆ. ಮೈಸೂರು, ಬೆಂಗಳೂರಿನಲ್ಲಿ ಅಂಥವರು ಬೇಕಾದಷ್ಟಿದ್ದಾರೆ. ಪ್ರತಿ ವರ್ಷ ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ಯೆಜ್ಡಿ ದಿನ ಅಂತ ಎಲ್ಲ ಸೇರುತ್ತಾರೆ. ಅವರಲ್ಲಿ ಒಬ್ಬರನ್ನು ಕರೆಸಿ ತೋರಿಸಿದರೆ ನಿಜವಾದ ಬೆಲೆ ಗೊತ್ತಾಗುತ್ತದೆ.

ತಮ್ಮಾ, ಇದು ನಿನಗೆ. ಸುಮ್ನೆ ಹುಮ್ಮಸ್ಸಿಗೆ ಬಿದ್ದು ಕಿಕ್ ಹೊಡೆಯಬೇಡ. ಇಷ್ಟು ವರ್ಷ ನಿಂತ ಇಂಜಿನ್ನಿನಲ್ಲಿ ಪಿಸ್ಟನ್ ಕಚ್ಚಿಕೊಂಡಿರಬಹುದು. ಪ್ಲಗ್ ಬಿಚ್ಚಿ ಆ ತೂತಿನಲ್ಲಿ ಒಂಚೂರು ಎಣ್ಣೆ ಬಿಟ್ಟು ಕೆಲವು ದಿನ ಹಾಗೇ ಇಡು. ಆಮೇಲೆ ನಿಧಾನ ತಿರುಗಿಸಿ ನೋಡು. ಗೇರಿನ ಕಡ್ಡಿಯನ್ನೇ ಮೇಲೆತ್ತಿ ಕಿಕ್ಕರ್ ಮಾಡಿಕೊಳ್ಳುವುದನ್ನು ಅಜ್ಜ ನಮಗೆ ಅಂಗಳದಲ್ಲಿ ತೋರಿಸಿಕೊಟ್ಟದ್ದು ನೆನಪಿದೆಯಲ್ಲ? ಅದನ್ನು ಒಳಗೊತ್ತಿ ತಿರುಗಿಸಬೇಕು, ಒದ್ದು ಮುರಿಯಬಾರದು. ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ತೆಗೆದುಬಿಡು. ಈಗಿನ ಎಥೆನಾಲ್ ಬೆರೆಸಿದ ಪೆಟ್ರೋಲ್ ನೀರಿನಂಶ ಎಳೆದುಕೊಳ್ಳುತ್ತದೆ, ಹಳೇ ರಬ್ಬರ್ ತಿನ್ನುತ್ತದೆ. ನಮ್ಮ ಕಡೆಯ ಮಳೆಗಾಲದಲ್ಲಿ ಅದನ್ನು ಟ್ಯಾಂಕಿನಲ್ಲಿ ಬಿಟ್ಟರೆ ಒಳಗಿಂದಲೇ ತುಕ್ಕು. ಟೂ ಸ್ಟ್ರೋಕ್ ಇಂಜಿನ್, ಪೆಟ್ರೋಲಿಗೆ ಆಯಿಲ್ ಬೆರೆಸದೆ ಸ್ಟಾರ್ಟ್ ಮಾಡುವ ಮಾತೇ ಇಲ್ಲ.

ಡಿಸೆಂಬರಿನಲ್ಲಿ ಕುಮಟಾದ ಸ್ನೇಹಿತ ಊರಿಗೆ ಬರುತ್ತಿದ್ದಾನೆ. ಕಾರ್ಬುರೇಟರಿನ ಗ್ಯಾಸ್ಕೆಟ್ ಸೆಟ್, ಕ್ಲಚ್ ಕೇಬಲ್, ಟ್ಯಾಂಕಿನ ಪಕ್ಕದ ಮೊಣಕಾಲು ರಬ್ಬರ್ ಅವನ ಕೈಯಲ್ಲಿ ಕಳಿಸುತ್ತೇನೆ. ಗಾಡಿ ಮಾರುವುದಾದರೂ ಅವನ್ನು ಜತೆಗೇ ಕೊಟ್ಟುಬಿಡಿ. ಅವನ ಕೈಯಲ್ಲಿ ನನಗೆ ಅಪ್ಪೆಮಿಡಿ ಉಪ್ಪಿನಕಾಯಿ ಮರೆಯಬೇಡಿ.

ಇಂಜಿನ್, ಚಾಸಿ ನಂಬರಿನ ಫೋಟೋ, ಆರ್‌ಸಿಯ ಎರಡೂ ಬದಿಯ ಫೋಟೋ ತಮ್ಮ ತೆಗೆದು ಕಳಿಸಲಿ. ಅದನ್ನು ನೋಡಿ ಶನಿವಾರ ಫೋನ್ ಮಾಡುತ್ತೇನೆ. ಅಲ್ಲಿಯವರೆಗೆ ಹುಬ್ಬಳ್ಳಿಯವರಿಂದ ಮುಂಗಡ ತೆಗೆದುಕೊಳ್ಳಬೇಡಿ.

ನಿಮ್ಮ ಮಗ