ಹೆಣ್ಣಾಳಿನ ಹೆಸರೂ ಹಾಜರಿ ಪುಸ್ತಕದಲ್ಲಿರಲಿ

ಮಾನ್ಯ ಸಂಪಾದಕರೇ,

ಉಡುಪಿ, ಮಂಗಳೂರಿನಲ್ಲಿ ಮನೆ ಕಟ್ಟಲು ಕೆಂಪುಕಲ್ಲು ಹೊರುವವರಲ್ಲಿ ಬಾಗಲಕೋಟೆ, ಕೊಪ್ಪಳ, ಗದಗ, ರಾಯಚೂರು ಕಡೆಯವರು ಬಹಳ. ಎಷ್ಟು ವರ್ಷ ಇಲ್ಲಿದ್ದರೂ ಅವರು ನಮಗೆ 'ಘಟ್ಟದವರು'. ಬಾಡಿಗೆಗೆ ರೂಮು ಕೇಳಿದರೆ ಮಾತಿನ ಧಾಟಿ ಕಿವಿಗೆ ಬಿದ್ದೊಡನೆ 'ಖಾಲಿ ಇಲ್ಲ'. ಓಣಿಯಲ್ಲಿ ಏನಾದರೂ ಕಳುವಾದರೆ ಮೊದಲ ಗುಮಾನಿ ಅವರ ಬಿಡಾರದ ಮೇಲೆ. ಈ ತಾತ್ಸಾರದ ಬಗ್ಗೆ ಆಗೊಮ್ಮೆ ಈಗೊಮ್ಮೆಯಾದರೂ ಮಾತು ಬರುತ್ತದೆ. ಅದೇ ಬಿಡಾರದ ಹೆಂಗಸರ ಪಾಡು ಬರುವುದೇ ಇಲ್ಲ.

ಗಂಡ ಹೆಂಡತಿಯನ್ನು ಕೆಲಸಕ್ಕೆ ಕರೆಯುವುದು 'ಜೋಡಿ' ಎಂದು. ಹಾಜರಿ ಪುಸ್ತಕದಲ್ಲಿ ಗಂಡನ ಹೆಸರು, ಅದರ ಪಕ್ಕದಲ್ಲಿ '+1'. ವಾರದ ಬಟವಾಡೆ ಇಬ್ಬರದ್ದೂ ಅವನ ಕೈಗೇ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯಾಗಲು 18ರಿಂದ 60ರೊಳಗಿನ ವಯಸ್ಸು, ಹಿಂದಿನ 12 ತಿಂಗಳಲ್ಲಿ 90 ದಿನ ದುಡಿದದ್ದಕ್ಕೆ ದೃಢೀಕರಣ ಪತ್ರ ಬೇಕು. '+1'ಗೆ ಯಾರು ಸಹಿ ಹಾಕಿಕೊಡುತ್ತಾರೆ? ಗಂಡನಿಗೆ ಕಾರ್ಡು ಸಿಗುತ್ತದೆ. ಹೆರಿಗೆ ನೆರವು, ಅಪಘಾತ ಪರಿಹಾರ, 60 ದಾಟಿದ ಮೇಲಿನ ಪಿಂಚಣಿ, ಇವೆಲ್ಲ ಅವಳ ಕೈತಪ್ಪುತ್ತವೆ.

ಕೂಲಿಯಲ್ಲೂ ಹೀಗೇ. ಸಮಾನ ವೇತನದ ನಿಯಮ ಬಂದದ್ದು 1976ರ ಕಾಯ್ದೆಯಿಂದ. 'ಅವಳದು ಬೇರೆ ಕೆಲಸ' ಎಂಬ ಒಂದೇ ಮಾತಿನಿಂದ ಗುತ್ತಿಗೆದಾರರು ಅದನ್ನು ದಾಟಿಬಿಡುತ್ತಾರೆ. ಗಂಡಸು ಹೆಲ್ಪರ್ ಆಗಿ ಬಂದು, ಕರಣೆ ಹಿಡಿಯಲು ಕಲಿತು, ಮೇಸ್ತ್ರಿಯಾಗುತ್ತಾನೆ. ಹೆಣ್ಣಾಳು ಮರಳು ಜರಡಿ ಹಿಡಿದು, ಗಾರೆ ಕಲಸಿ, ಬಾಂಡ್ಲಿ ತಲೆಗೇರಿಸಿಕೊಂಡು ಏಣಿ ಹತ್ತುತ್ತಾಳೆ. ಸಂಜೆ ಗೋಡೆಗೆ ನೀರು ಹಾಯಿಸಿದ ಮೇಲೆಯೇ ಬಿಡುಗಡೆ. ಗಾರೆಯ ಹದ ಅವಳ ಕೈಗೆ ಚೆನ್ನಾಗಿ ಗೊತ್ತು. ಆದರೂ ಇಪ್ಪತ್ತು ವರ್ಷ ದುಡಿದರೂ ಆ ಕೈಗೆ ಕರಣೆ ಕೊಡುವವರಿಲ್ಲ.

ಕಟ್ಟುತ್ತಿರುವ ಮನೆಯಲ್ಲಿ ಶೌಚಾಲಯ ಮುಗಿಯುವುದು ಕೊನೆಗೆ. ಗಂಡಸರು ಗೋಡೆಯ ಮರೆಗೆ ಹೋಗುತ್ತಾರೆ. ಹೆಂಗಸರು ನಮ್ಮ ಕರಾವಳಿಯ ಏಪ್ರಿಲ್ ಸೆಕೆಯಲ್ಲೂ ನೀರು ಕುಡಿಯದೆ ಸಂಜೆಯವರೆಗೆ ತಡೆದುಕೊಳ್ಳುತ್ತಾರೆ. ಉರಿಮೂತ್ರ ಬರುವುದು ಹೀಗೆಯೇ. ಪಾಯ ತೋಡುವ ದಿನವೇ ಒಂದು ಗುಂಡಿ, ನಾಲ್ಕು ತಗಡು, ಒಳಗಿನಿಂದ ಹಾಕಿಕೊಳ್ಳುವ ಚಿಲಕ, ಒಂದು ಡ್ರಮ್ ನೀರು ಇಟ್ಟರೆ ಸಾಕು. ಇಡೀ ಮನೆಯ ಖರ್ಚಿನಲ್ಲಿ ಇದೊಂದು ಲೆಕ್ಕವೇ?

ಮಕ್ಕಳ ಸಂಗತಿ ಇನ್ನೂ ಕಷ್ಟ. ಅಂಗನವಾಡಿಯಲ್ಲಿ ಕೂರಿಸಿಕೊಳ್ಳುವುದು ಮೂರು ವರ್ಷ ತುಂಬಿದವರನ್ನು. ಕಾನೂನು ಶಿಶುಪಾಲನೆಯ ಕೋಣೆ ಕಡ್ಡಾಯ ಮಾಡಿದ್ದು ಹೆಚ್ಚು ಆಳುಗಳಿರುವ ದೊಡ್ಡ ಕೆಲಸದ ಕಡೆ. ಒಂದು ಮನೆ ಕಟ್ಟುವ ಕೆಲಸಕ್ಕೆ ಬರುವ ಹೆಂಗಸರು ಇಬ್ಬರೋ ಮೂವರೋ. ಹಾಗಾಗಿ ಕೂಸು ಮರಳಿನ ರಾಶಿಯ ಮೇಲೆ, ಅದನ್ನು ನೋಡಿಕೊಳ್ಳಲು ಶಾಲೆ ಬಿಟ್ಟ ಅಕ್ಕ. ಅಣ್ಣನಿದ್ದರೆ ಅವನು ಶಾಲೆಗೆ ಹೋಗುತ್ತಾನೆ.

ಮನೆ ಕಟ್ಟಿಸುವವರಲ್ಲಿ ನಮ್ಮ ಕೋರಿಕೆ ಇಷ್ಟು. ಹಾಜರಿ ಪುಸ್ತಕದಲ್ಲಿ ಹೆಣ್ಣಾಳಿನ ಹೆಸರಿಗೂ ಒಂದು ಸಾಲು ಬಿಡಿಸಿ, ಆಧಾರ್‌ನಲ್ಲಿ ಇರುವಂತೆಯೇ ಬರೆಸಿ. ಒಂದಕ್ಷರ ಹೆಚ್ಚುಕಡಿಮೆಯಾದರೂ ಅರ್ಜಿ ತಿರುಗಿ ಬರಬಹುದು. ಕೂಲಿ ಅವಳ ಕೈಗೋ ಅವಳ ಖಾತೆಗೋ ಹೋಗಲಿ. ಕೆಲಸ ಮುಗಿದ ದಿನ, ಶುರುವಾದ ಮತ್ತು ಮುಗಿದ ತಾರೀಕು ಹಾಕಿ ಇಬ್ಬರಿಗೂ ಬೇರೆ ಬೇರೆ ಪತ್ರ ಕೊಡಿಸಿ. ತಡಮಾಡಿದರೆ ಅವರು ಇನ್ನೊಂದು ಸೈಟಿಗೆ ಹೋಗಿರುತ್ತಾರೆ, ಆ 90 ದಿನಗಳನ್ನು ಮತ್ತೆ ಒಟ್ಟುಗೂಡಿಸಲು ಆಗುವುದಿಲ್ಲ.

— ಕಟ್ಟಡ ಕಾರ್ಮಿಕರ ನಡುವೆ ಕೆಲಸ ಮಾಡುವ ಗೆಳತಿಯರು, ಉಡುಪಿ