ಬೀಳ್ಕೊಡುಗೆಗೆ ನಮ್ಮದೂ ಒಂದು ಹಾಡು ಬೇಡ್ವಾ?

ಸಂಪಾದಕರಿಗೆ ನಮಸ್ಕಾರ,

ಕೊಡಗಿನ ನಮ್ಮ ಕಾಫಿ ತೋಟದಲ್ಲಿ ಹೂವು ಮುಗಿದಿದೆ. ಕಾಫಿ ಮೊಗ್ಗು ಬಿರಿಸುವ ಹೂಮಳೆ ಬಿದ್ದು ಎಂಟೊಂಬತ್ತು ದಿನಕ್ಕೆ ರೋಬಸ್ಟಾ ಗಿಡಗಳೆಲ್ಲ ಒಂದೇ ಬೆಳಿಗ್ಗೆ ಬೆಳ್ಳಗಾದವು, ಘಮ ಮೇನ್ ರೋಡಿನವರೆಗೂ ಹೋಯಿತು, ಮೂರನೇ ದಿನಕ್ಕೆ ಎಲ್ಲ ಕಂದು. ಈಗ ಅಪ್ಪನಿಗೆ ಮುಂದಿನ ಮಳೆಯ ಚಿಂತೆ. ಹೆದರಬೇಡಿ, ನಾನು ಕಾಫಿ ರೇಟಿನ ಬಗ್ಗೆ ಬರೆಯುತ್ತಿಲ್ಲ, ಆನೆ ಕಾಟದ ಬಗ್ಗೆಯೂ ಅಲ್ಲ. ಹಾಡಿನ ಬಗ್ಗೆ.

ಹೋದ ತಿಂಗಳು ನಾನು ಓದಿದ ಕಾಲೇಜಿನಲ್ಲಿ ಎರಡನೇ ಪಿಯು ಮಕ್ಕಳ ಬೀಳ್ಕೊಡುಗೆ ಇತ್ತು. ಹಳೆ ವಿದ್ಯಾರ್ಥಿನಿ ಅಂತ ನನ್ನನ್ನೂ ಕರೆದಿದ್ದರು. ಯಾವ ಕಾಲೇಜು ಅಂತ ಹೇಳುವುದಿಲ್ಲ, ಹೇಳಿದರೆ ಮುಂದಿನ ವರ್ಷ ಕರೆಯುವುದಿಲ್ಲ. ಒಬ್ಬಳು ಹುಡುಗಿ ಬೀಳ್ಕೊಡುಗೆಗೆ ಅಂತಲೇ ತಾನೇ ಒಂದು ಹಾಡು ಬರೆದಿದ್ದಳು. ರಾಗವೂ ಅವಳದೇ. ನಾಲ್ಕು ಗೆಳತಿಯರನ್ನು ಕೂಡಿಸಿಕೊಂಡು ಎರಡು ವಾರ ಅಭ್ಯಾಸ ಮಾಡಿದ್ದಳು. ಆದರೆ ವೇದಿಕೆ ಮೇಲಿದ್ದ ಅತಿಥಿಗಳು ಒಬ್ಬರಾದ ಮೇಲೆ ಒಬ್ಬರು ಮಾತಾಡಿದರು, ಸಮಯ ಇಲ್ಲ ಅಂತ ಹಾಡನ್ನು ಕೈಬಿಟ್ಟರು, ಆಮೇಲೆ ನೋಡಿದರೆ ಡಿಜೆಗೆ ಮುಕ್ಕಾಲು ಗಂಟೆ ಸಿಕ್ಕಿತು! ಡಿಜೆ ಬೇಡ ಅನ್ನುವಷ್ಟು ಮುದುಕಿ ನಾನಲ್ಲ, ಸುಮ್ನೆ ಹೇಳಬಾರದು, ನಾನೂ ಕುಣಿದೆ. ಆದರೆ ಆ ಹುಡುಗಿ ಹಾಳೆಯನ್ನು ನಾಲ್ಕಾಗಿ ಮಡಚಿ ಬ್ಯಾಗಿಗೆ ಹಾಕಿಕೊಂಡದ್ದು ಇನ್ನೂ ಕಣ್ಣಲ್ಲೇ ಇದೆ.

ನಾನು ಬೆಂಗಳೂರಿನಲ್ಲಿದ್ದಾಗ ಕೆಲಸಕ್ಕೆ ಬೇಕು ಅಂತ ಜಪಾನಿ ಭಾಷೆ ಕಲಿತೆ. ವ್ಯಾಕರಣ ತಲೆಗೆ ಹತ್ತಲಿಲ್ಲ, ಹಾಡು ಹತ್ತಿತು. ಅವರಿಗೆ ಮಾರ್ಚ್ ಅಂದರೆ ಶಾಲೆ, ಕಾಲೇಜು ಮುಗಿಯುವ ತಿಂಗಳು. ಏಪ್ರಿಲ್ ಅಂದರೆ ಹೊಸದಕ್ಕೆ ಸೇರುವ ತಿಂಗಳು. ಶಾಲೆ ಮಾತ್ರ ಅಲ್ಲ, ಓದು ಮುಗಿಸಿದವರು ಕಂಪನಿಗೆ ಸೇರುವುದೂ ಏಪ್ರಿಲ್ 1ಕ್ಕೇ, ಎಲ್ಲರೂ ಒಟ್ಟಿಗೆ, ಕಪ್ಪು ಸೂಟು ಹಾಕಿಕೊಂಡು. ಹಳ್ಳಿಯಿಂದ ಟೋಕಿಯೋಗೆ ಹೋಗುವವರು, ಬೇರೆ ಊರಿಗೆ ವರ್ಗವಾಗುವವರು, ಎಲ್ಲ ಆ ಕೆಲವೇ ವಾರಗಳಲ್ಲಿ. ಇದೇ ಹೊತ್ತಿಗೆ ಸಕುರಾ, ಅಂದರೆ ಅವರ ಚೆರ್ರಿ ಹೂವು ಬೇರೆ ಅರಳುತ್ತದೆ. ವಸಂತವನ್ನು ಅವರು ಭೇಟಿ ಮತ್ತು ಅಗಲಿಕೆಯ ಕಾಲ ಅಂತಲೇ ಕರೆಯುತ್ತಾರೆ. ಆ ಕಾಲಕ್ಕೆ ಅಂತಲೇ ಹಾಡುಗಳಿವೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಇದ್ದ ಹಾಗೆ.

ಎಷ್ಟು ಹಾಡು ಅಂತೀರಾ! 'ಸಕುರಾ' ಅನ್ನುವ ಒಂದೇ ಹೆಸರಿನಲ್ಲಿ 2003ರಲ್ಲಿ ಮೊರಿಯಾಮಾ ನಾವೊತಾರೊ ಹಾಡಿದ, 2005ರಲ್ಲಿ ಕೆತ್ಸುಮೇಯ್ಶಿ ಮತ್ತು ಕೊಬುಕುರೊ ಅನ್ನುವ ಎರಡು ತಂಡದವರು ಬೇರೆ ಬೇರೆಯಾಗಿ ಹಾಡಿದರು, 2006ರಲ್ಲಿ ಇಕಿಮೊನೊಗಾಕಾರಿ ತಂಡ ಮೊದಲು ಹೆಸರು ಮಾಡಿದ್ದೂ ಇದೇ ಹೆಸರಿನ ಹಾಡಿನಿಂದ. ನಿಜ ಹೇಳಬೇಕು ಅಂದರೆ ಈ ಜಾತಿಯ ಹಾಡುಗಳಲ್ಲಿ ಅರ್ಧಕ್ಕರ್ಧ ಒಂದೇ ಅಚ್ಚು. ಹೂವು ಉದುರಬೇಕು, ಕಣ್ಣೀರು ಬರಬೇಕು, ರೈಲು ಹೊರಡಬೇಕು. ಮಾರ್ಚ್ ಬಂತು ಅಂದರೆ ಇದು ಖರ್ಚಾಗುತ್ತದೆ ಅಂತ ಹಾಡು ಮಾರುವ ಕಂಪನಿಗಳಿಗೂ ಗೊತ್ತು. ಉತ್ತರದ ಹೊಕ್ಕೈಡೊದಲ್ಲಿ ಮಾರ್ಚ್‌ನಲ್ಲಿ ಇನ್ನೂ ಹಿಮ ಇರುತ್ತದೆ, ಅಲ್ಲಿನ ಮಕ್ಕಳೂ ಇದೇ ಸಕುರಾ ಹಾಡು ಹಾಡುತ್ತವೆ ಅಂದುಕೊಂಡರೆ ನಗು ಬರುತ್ತದೆ.

ಆದರೆ ಕೆಲವು ಹಾಡುಗಳು ಬಂದ ದಾರಿಯೇ ಬೇರೆ. ರೆಮಿಯೋರೊಮೆನ್ ಅನ್ನುವ ಮೂವರ ತಂಡದ್ದು ಒಂದು ಹಾಡಿದೆ, ಹೆಸರು ಬರೀ 'ಮಾರ್ಚ್ 9'. ಗೆಳೆಯರೊಬ್ಬರ ಮದುವೆಗೆ ಅಂತ ಬರೆದದ್ದು, ಮದುವೆ ಆ ದಿನ ಇತ್ತು. 2004ರಲ್ಲಿ ಬಿಡುಗಡೆಯಾಯಿತು. ಜಪಾನಿಯಲ್ಲಿ ಮೂರು ಅಂದರೆ ಸಾನ್, ಒಂಬತ್ತು ಅಂದರೆ ಕ್ಯೂ, ಸೇರಿಸಿದರೆ ಥ್ಯಾಂಕ್ಯೂ ಅಂದ ಹಾಗೆ ಕೇಳುತ್ತದೆ. ಮರುವರ್ಷ ಒಂದು ಟಿವಿ ಧಾರಾವಾಹಿಯಲ್ಲಿ ಶಾಲೆಯ ಮಕ್ಕಳು ಅದನ್ನು ಒಟ್ಟಿಗೆ ಹಾಡುವ ದೃಶ್ಯ ಬಂತು, ಅಷ್ಟೇ, ಮದುವೆ ಹಾಡು ಬೀಳ್ಕೊಡುಗೆ ಹಾಡಾಗಿ ಹೋಯಿತು.

ನನಗೆ ಎಲ್ಲಕ್ಕಿಂತ ಇಷ್ಟವಾದ ಕತೆ ಚಿಚಿಬು ಊರಿನದು. ಟೋಕಿಯೋ ಪಕ್ಕದ ಸೈತಾಮಾ ಪ್ರಾಂತ್ಯದಲ್ಲಿ ಬೆಟ್ಟದ ನಡುವಿನ ಊರು, ನಮ್ಮ ಸೋಮವಾರಪೇಟೆ ಕಡೆಯ ಹಾಗೆ ಅಂದುಕೊಳ್ಳಿ. 1991ರಲ್ಲಿ ಅಲ್ಲಿನ ಕಾಗೆಮೊರಿ ಶಾಲೆಯ ಮುಖ್ಯೋಪಾಧ್ಯಾಯ ಕೊಜಿಮಾ ನೊಬೊರು ಮಕ್ಕಳನ್ನು ಕಳಿಸಿಕೊಡುವ ಒಂದು ಹಾಡು ಬರೆದರು. ಸಂಗೀತದ ಟೀಚರ್ ರಾಗ ಹಾಕಿದರು. ಹಾಡಿದ್ದು ಮಕ್ಕಳಲ್ಲ, ಮೇಷ್ಟ್ರುಗಳು. ಮಕ್ಕಳಿಗೆ ಗೊತ್ತಾಗದ ಹಾಗೆ ಅಭ್ಯಾಸ ಮಾಡಿ, ಓದು ಮುಗಿಸಿ ಹೊರಡುವ ಮಕ್ಕಳ ಮುಂದೆ ನಿಂತು ಹಾಡಿದರು. ಆ ಒಂದು ಸಲಕ್ಕೆ ಮಾತ್ರ ಅಂತ ಇದ್ದದ್ದು. ಮುಂದಿನ ವರ್ಷಗಳಲ್ಲಿ ಮಕ್ಕಳೇ ಹಾಡಲು ಶುರು ಮಾಡಿದರು, ಅಕ್ಕಪಕ್ಕದ ಶಾಲೆಗೆ ಹೋಯಿತು, ಈಗ ದೇಶದ ಮೂಲೆಮೂಲೆಯಲ್ಲೂ ಮಾರ್ಚ್‌ನಲ್ಲಿ ಅದೇ ಹಾಡು. ದೊಡ್ಡ ಗಾಯಕರಿಲ್ಲ, ಸಿನಿಮಾ ಇಲ್ಲ. ಒಂದು ಬೆಟ್ಟದ ಊರಿನ ಶಾಲೆ!

ನಮಗೇನು ಇದು ಹೊಸದಲ್ಲ, ಅಲ್ವಾ? ಕೊಡಗಿನಲ್ಲಿ ಮೇಷ್ಟ್ರಾಗಿದ್ದ ಪಂಜೆ ಮಂಗೇಶರಾಯರು ಬರೆದ ಹುತ್ತರಿ ಹಾಡನ್ನು ನಾವೆಲ್ಲ ಶಾಲೆಯಲ್ಲಿ ಎದೆಯುಬ್ಬಿಸಿ ಹಾಡಿದವರೇ. ಅವರು ಹೊರಗಿನಿಂದ ಬಂದವರು. ಅವರು ಬರೆದರು, ನಾವು ಇಟ್ಟುಕೊಂಡೆವು. ಹುತ್ತರಿ ಹಬ್ಬಕ್ಕೆ ಹಾಡು ಇದೆ, ಮದುವೆಗೆ ದುಡಿ ವಾದ್ಯ ಹಿಡಿದು ಹಾಡುವ 'ಬಾಳೋ ಬಾಳೋ' ಹಾಡು ಇದೆ. ಹದಿನೆಂಟು ವರ್ಷದ ಮಕ್ಕಳು ಊರು ಬಿಡುವ ಹೊತ್ತಿಗೆ ಮಾತ್ರ ಹಾಡು ಇಲ್ಲ.

ಯಾಕೆ ಇಲ್ಲ ಅಂತ ಯೋಚಿಸಿದೆ. ನಮ್ಮಲ್ಲಿ ಅಗಲುವುದು ಒಂದೇ ದಿನ ಆಗುವುದಿಲ್ಲ. ಬೀಳ್ಕೊಡುಗೆ ದಿನ ಅಳುತ್ತೇವೆ, ಮರುದಿನ ಹಾಲ್ ಟಿಕೆಟ್ ತೆಗೆದುಕೊಳ್ಳಲು ಅದೇ ಕಾಲೇಜಿಗೆ ಬರುತ್ತೇವೆ. ಮಾರ್ಚ್‌ನಲ್ಲಿ ಪರೀಕ್ಷೆ, ಆಮೇಲೆ ಸಿಇಟಿ, ರಿಸಲ್ಟು, ಕೌನ್ಸೆಲಿಂಗು, ಅಷ್ಟರಲ್ಲಿ ಮಳೆ ಹಿಡಿದಿರುತ್ತದೆ, ಒಬ್ಬಳು ಮಂಗಳೂರಿಗೆ ಹೋಗಿರುತ್ತಾಳೆ, ಇನ್ನೊಬ್ಬ ಮೈಸೂರಿಗೆ, ಮತ್ತೊಬ್ಬ ಯಾವಾಗ ಬೆಂಗಳೂರು ಬಸ್ ಹತ್ತಿದ ಅಂತ ವಾಟ್ಸಾಪ್ ಸ್ಟೇಟಸ್ ನೋಡಿಯೇ ಗೊತ್ತಾಗಬೇಕು. ಕಾಲೇಜಿನ ನನ್ನ ಜೀವದ ಗೆಳತಿಯನ್ನು ನಾನು ಕೊನೆಗೆ ನೋಡಿದ್ದು ಒಂದು ಜೆರಾಕ್ಸ್ ಅಂಗಡಿಯಲ್ಲಿ. ಅದು ಕೊನೆ ಅಂತ ಇಬ್ಬರಿಗೂ ಗೊತ್ತಿರಲಿಲ್ಲ. ಇಂಥದ್ದಕ್ಕೆ ಯಾರು ರಾಗ ಹಾಕುತ್ತಾರೆ ಹೇಳಿ!

ಜಪಾನಿನ ಹಾಡುಗಳಲ್ಲಿ ರೈಲ್ವೆ ಪ್ಲಾಟ್‌ಫಾರ್ಮ್ ಜಾಸ್ತಿ. 1975ರಲ್ಲಿ ಇರುಕಾ ಅನ್ನುವ ಗಾಯಕಿ ಹಾಡಿ ಹೆಸರಾದ 'ನಗೊರಿಯುಕಿ'ಯಲ್ಲಿ ಟೋಕಿಯೋ ಬಿಟ್ಟು ಹೋಗುವ ಹುಡುಗಿಯನ್ನು ಬಿಡಲು ಹುಡುಗ ಸ್ಟೇಷನ್ನಿಗೆ ಬಂದಿರುತ್ತಾನೆ, ಕಾಲ ಮೀರಿದ ಹಿಮ ಬೀಳುತ್ತಿರುತ್ತದೆ. ನಮಗೆ ರೈಲೇ ಇಲ್ಲ. ಇರುವುದು ಕೆಂಪು ಬಸ್ಸು, ಕಿಟಕಿ ಪಕ್ಕದ ಸೀಟು, ತಿರುವಿಗೆ ಅಂತ ಅಮ್ಮ ಕೈಯಲ್ಲಿಟ್ಟ ನಿಂಬೆಹಣ್ಣು. ಕುಶಾಲನಗರ ಕಳೆದು ಕೊಪ್ಪದ ಹತ್ತಿರ ಕಾವೇರಿ ಸೇತುವೆ ದಾಟಿದರೆ ಜಿಲ್ಲೆ ಮುಗಿಯಿತು. ಅಲ್ಲಿ ಎಷ್ಟು ಜನ ಹಿಂದೆ ತಿರುಗಿ ನೋಡಿಲ್ಲ? ಹಾಡಿಗೆ ಇಷ್ಟು ಸಾಲದಾ?

ಹೂವಿನ ವಿಷಯಕ್ಕೂ ಅಷ್ಟೇ. ಸಕುರಾದಲ್ಲಿ ಜಾಸ್ತಿ ನೆಟ್ಟಿರುವ ಸೊಮೇಯ್ ಯೊಶಿನೊ ಅನ್ನುವ ತಳಿಯ ಮರಗಳೆಲ್ಲ ಕಸಿ ಕಟ್ಟಿ ಬೆಳೆಸಿದವು, ಅಂದರೆ ಎಲ್ಲವೂ ಒಂದೇ ಮರದ ನಕಲು. ಅದಕ್ಕೇ ಒಂದು ಊರಿನಲ್ಲಿ ಒಟ್ಟಿಗೆ ಅರಳಿ ಒಟ್ಟಿಗೆ ಉದುರುತ್ತವೆ. ನಮ್ಮ ಕಾಫಿ ಮೊಗ್ಗು ಬಿಸಿಲಿನಲ್ಲಿ ಉಸಿರು ಬಿಗಿಹಿಡಿದು ಮಳೆಗೆ ಕಾಯುತ್ತದೆ, ಮಳೆ ಬಿದ್ದ ಕಡೆಯೆಲ್ಲ ಒಟ್ಟಿಗೆ ಬಿರಿಯುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಆ ಘಮದಲ್ಲೇ ಓದುತ್ತಾರೆ. ನನಗೆ ಈಗಲೂ ಕಾಫಿ ಹೂವಿನ ವಾಸನೆ ಬಂದರೆ ಕೆಮಿಸ್ಟ್ರಿ ನೆನಪಾಗಿ ಹೊಟ್ಟೆ ತೊಳಸುತ್ತದೆ.

ಇನ್ನೊಂದು ಹೇಳಬೇಕು. ಜಪಾನಿಯರು ಮನೆಯಿಂದ ಹೊರಡುವಾಗ ಸಾಯೊನಾರಾ ಅನ್ನುವುದಿಲ್ಲ. 'ಇತ್ತೆಕಿಮಾಸ್' ಅನ್ನುತ್ತಾರೆ. ಅಕ್ಷರಕ್ಕಕ್ಷರ ನಮ್ಮ 'ಹೋಗಿ ಬರ್ತೇನೆ'. ಒಳಗಿದ್ದವರು 'ಹೋಗಿ ಬಾ' ಅನ್ನುವ ಅರ್ಥದಲ್ಲಿ 'ಇತ್ತೆರಾಶ್ಶಾಯ್' ಅನ್ನುತ್ತಾರೆ. ಕ್ಲಾಸಿನಲ್ಲಿ ಇದನ್ನು ಕಲಿಸಿದ ದಿನ ನಾನು ನಮ್ಮ ಅಜ್ಜಿಯನ್ನು ನೆನೆಸಿಕೊಂಡೆ. ಯಾರಾದರೂ 'ಹೋಗ್ತೇನೆ' ಅಂದರೆ ಸಾಕು, 'ಬರ್ತೇನೆ ಅನ್ನು' ಅಂತ ಗದರುತ್ತಿದ್ದರು.

ಅಗಲುವ ರಾಗ ಅಂದರೆ ಕೊಡಗಿನವರಿಗೆ ಒಂದಂತೂ ಗೊತ್ತು. ಜಪಾನಿನ ಶಾಲೆಗಳಲ್ಲಿ 1881ರಿಂದ ಹಾಡುತ್ತಿರುವ 'ಹೊತಾರು ನೊ ಹಿಕಾರಿ' ಸ್ಕಾಟ್ಲೆಂಡಿನ 'ಆಲ್ಡ್ ಲ್ಯಾಂಗ್ ಸೈನ್' ರಾಗದ್ದು. ಡೆಹ್ರಾಡೂನಿನ ಸೇನಾ ಅಕಾಡೆಮಿಯಲ್ಲಿ ತರಬೇತಿ ಮುಗಿಸಿದ ಅಧಿಕಾರಿಗಳು ನಿಧಾನ ಹೆಜ್ಜೆಯಲ್ಲಿ ಕೊನೆಯ ಮೆಟ್ಟಿಲು ದಾಟುವಾಗ ಬ್ಯಾಂಡ್ ನುಡಿಸುವುದೂ ಅದೇ ರಾಗ. ನಮ್ಮ ಎಷ್ಟೋ ಮನೆಗಳವರು ಅಲ್ಲಿ ಕೂತು ಅದನ್ನು ಕೇಳಿ ಕಣ್ಣೊರೆಸಿಕೊಂಡಿದ್ದಾರೆ. ಅದು ಸೇನೆಯ ಮಕ್ಕಳಿಗಾಯಿತು. ನರ್ಸಿಂಗ್ ಓದಲು ಹೋಗುವವಳಿಗೆ? ಹೋಟೆಲ್ ಕೆಲಸಕ್ಕೆ ಹೋಗುವವನಿಗೆ?

ಈಗ ನಿಮ್ಮಲ್ಲಿ ಒಂದು ಕೇಳಿಕೆ. ಪ್ರತಿ ವರ್ಷ ಹೂಮಳೆಯ ತಿಂಗಳಲ್ಲಿ ನಿಮ್ಮ ಪತ್ರಿಕೆಯಲ್ಲಿ ಅರ್ಧ ಪುಟ ಬಿಡಿ. ಕಾಲೇಜು ಮಕ್ಕಳು ತಾವೇ ಬರೆದ ಹಾಡು ಕಳಿಸಲಿ. ಕನ್ನಡದಲ್ಲೇ ಆಗಬೇಕು ಅಂತಿಲ್ಲ, ಕೊಡವ ತಕ್ಕ್ ಇರಲಿ, ಅರೆಭಾಷೆ ಇರಲಿ, ಯರವ ಮಕ್ಕಳ ಮಾತು ಇರಲಿ. ಬಹುಮಾನ, ಶಾಲು, ಹಾರ ಯಾವುದೂ ಬೇಡ. ಹಾಡು ಅಚ್ಚಾಗಲಿ ಸಾಕು. ಹಾಗೇ ಕಾಲೇಜಿನವರಿಗೆ ಒಂದು ಮಾತು: ಅತಿಥಿಗಳನ್ನು ಕರೆಯಿರಿ, ಆದರೆ ಮಕ್ಕಳ ಹಾಡು ಮೊದಲು ಮುಗಿಯಲಿ, ಭಾಷಣ ಆಮೇಲೆ.

ಆ ಹುಡುಗಿಯನ್ನು ಅವತ್ತೇ ಬಸ್ ಸ್ಟ್ಯಾಂಡಿನಲ್ಲಿ ಹಿಡಿದು ಹಾಡಿಸಿಕೊಂಡೆ. ಮೊದಲು ನಾಚಿದಳು, ಆಮೇಲೆ ಗೆಳತಿಯರೂ ಸೇರಿದರು, ವಿರಾಜಪೇಟೆ ಬಸ್ಸಿನ ಕಂಡಕ್ಟರ್ ಎರಡು ನಿಮಿಷ ಸೀಟಿ ಊದದೆ ನಿಂತರು. ಎರಡನೇ ಚರಣ ಸ್ವಲ್ಪ ಸಡಿಲ ಇದೆ, ಪಲ್ಲವಿ ಮಾತ್ರ ಚೆನ್ನಾಗಿದೆ. ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದೇನೆ. ನೀವು ಜಾಗ ಕೊಡುವುದಾದರೆ ಅವಳ ಒಪ್ಪಿಗೆ ಕೇಳಿ ಬರೆದು ಕಳಿಸುತ್ತೇನೆ. ಅವಳ ಪರೀಕ್ಷೆ ಮುಗಿಯಲಿ.

ಇಂತಿ,
ನಿಮ್ಮ ಓದುಗಾರ್ತಿ,
ಸುಂಟಿಕೊಪ್ಪದ ಹತ್ತಿರದಿಂದ